ಒಸಾಕಾದಲ್ಲಿ ಆಟಿ ಹದಿನೆಂಟು

ಮಗುವನ್ನು ಬಿಟ್ಟು ಬರುವುದಕ್ಕಲ್ಲ, ತೋರಿಸಿಕೊಂಡು ಬರುವುದಕ್ಕೆ ಹೋಗುತ್ತಿದ್ದೇನೆ ಎಂದು ನಾನು ಎಲ್ಲರಿಗೂ ಹೇಳಿದ್ದೆ. ಶಾಲೆಗೆ ಕೊಟ್ಟ ರಜೆಯ ಅರ್ಜಿಯಲ್ಲೂ ಹಾಗೆಯೇ ಬರೆದೆ. ಪಕ್ಕದ ಮನೆಯವರಿಗೆ, ಹಾಲು ತರುವವನಿಗೆ, ಮಡಿಕೇರಿ ಬಸ್ ಸ್ಟ್ಯಾಂಡಿನ ಹತ್ತಿರ ಹೂವು ಮಾರುವ ಮಲಯಾಳಿ ಹೆಂಗಸಿಗೆ, ಕೇಳಿದವರಿಗೂ ಕೇಳದವರಿಗೂ ಅದನ್ನೇ ಹೇಳಿದೆ. ಅಷ್ಟು ಸಲ ಹೇಳಬೇಕಾಗಿ ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಇಪ್ಪತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿದವರಿಗೆ ತಮ್ಮ ಮಾತನ್ನು ತಾವೇ ನಂಬುವ ಒಂದು ಕಾಯಿಲೆ ಇರುತ್ತದೆ.

ಮಗು ನನ್ನದಲ್ಲ, ನನ್ನ ತಂಗಿಯದು. ತಂಗಿ ಕುಶಾಲನಗರದಲ್ಲಿ ಬೀಜ ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿಯ ರುಚಿ ನೋಡುವ ಕೆಲಸದಲ್ಲಿದ್ದಳು. ದಿನವಿಡೀ ಚಮಚದಲ್ಲಿ ಸೊರ್ರೆಂದು ಹೀರಿ ಉಗುಳುವುದಕ್ಕೂ ಸಂಬಳ ಕೊಡುತ್ತಾರಲ್ಲ ಎಂದು ನಾನು ರೇಗಿಸುತ್ತಿದ್ದೆ. ಶ್ರೀಮಂಗಲದ ಕಡೆಯ ಎಸ್ಟೇಟುಗಳಿಗೆ ಬೀಜ ನೋಡಲು ಬಂದ ಜಪಾನಿನ ಒಬ್ಬ ಕಾಫಿ ಹುರಿಯುವವನು ಅವಳ ಪಕ್ಕ ನಿಂತು ತಾನೂ ಹೀರಿ ಉಗುಳಿ, ಮೂರು ವರ್ಷ ಹೋಗಿ ಬಂದು ಮಾಡಿ, ಕೊನೆಗೆ ಅವಳನ್ನೇ ಮದುವೆಯಾದ. ಭಾಗಮಂಡಲದ ನಮ್ಮ ಮನೆಯಲ್ಲಿ ಒಂದು ವಾರ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಅವನೇ ಬಂದು ಅವ್ವನ ಕಾಲು ಮುಟ್ಟಿ, ಕಡುಬು ಮತ್ತು ಹಂದಿ ಸಾರನ್ನು ಮೂಗಲ್ಲಿ ಕಣ್ಣಲ್ಲಿ ನೀರು ಸುರಿಸಿಕೊಂಡು ಎರಡು ಸಲ ಹಾಕಿಸಿಕೊಂಡ ಮೇಲೆ ಅವ್ವ ಸೋತಳು. ತಂಗಿ ಒಸಾಕಾಕ್ಕೆ ಹೋದಳು. ಹೆರಿಗೆಗೆ ತವರಿಗೆ ಬಂದಳು. ಮಗುವಿಗೆ ಎಂಟು ತಿಂಗಳಾಗಿದ್ದಾಗ ಜ್ವರ ಅಂತ ಮಲಗಿದವಳು ಒಂಬತ್ತನೆಯ ದಿನಕ್ಕೆ ಇರಲಿಲ್ಲ.

ಅವಳ ಗಂಡ ಒಂದು ತಿಂಗಳು ನಮ್ಮ ಜಗಲಿಯಲ್ಲಿ ಕೂತಿದ್ದ. ಎಳೆಕೂಸನ್ನು ಕಟ್ಟಿಕೊಂಡು ಕಾಫಿ ಅಂಗಡಿ ಹೇಗೆ ನಡೆಸುತ್ತೀಯ, ಸ್ವಲ್ಪ ದೊಡ್ಡದಾಗಲಿ ಎಂದು ಅವನಿಗೆ ಹೇಳಿದವಳು ನಾನೇ. ಮದುವೆಯಾಗದೆ ಮಡಿಕೇರಿಯಲ್ಲಿ ಬಾಡಿಗೆ ಮನೆ ಹಿಡಿದುಕೊಂಡು ಒಬ್ಬಳೇ ಇದ್ದ ನನ್ನ ಮಡಿಲಿಗೆ ಮಗು ಬಂತು. ಅವಳು ನನ್ನನ್ನು ದೊಡ್ಡವ್ವ ಎಂದು ಕರೆದಳು. ‘ದೊಡ್ಡ’ ಎನ್ನುವುದನ್ನು ಬಿಟ್ಟು ಕರೆಯಲಿ ಎಂದು ನಾನು ಎಷ್ಟು ಸಲ ಆಸೆಪಟ್ಟಿದ್ದೇನೋ. ಗೋಡೆಯ ಮೇಲಿದ್ದ ತಂಗಿಯ ಫೋಟೋ ನೋಡಿ ಆ ಆಸೆಯನ್ನು ನುಂಗಿಕೊಳ್ಳುತ್ತಿದ್ದೆ.

ಮಗುವಿನ ಅಪ್ಪ ಎರಡು ಸಲ ಬಂದು ಹೋದ. ವಾರಕ್ಕೊಮ್ಮೆ ಫೋನಿನಲ್ಲಿ ಮುಖ ತೋರಿಸುತ್ತಿದ್ದ. ಅವನು ಮತ್ತೆ ಮದುವೆಯಾದ ಸುದ್ದಿಯನ್ನು ನಮಗೆ ಮುಚ್ಚಿಡಲಿಲ್ಲ, ನಾವೂ ಬೇಸರ ಮಾಡಿಕೊಳ್ಳಲಿಲ್ಲ. ಆದರೆ ಮಗುವಿಗೆ ಆರು ತುಂಬುತ್ತಿದ್ದ ಹಾಗೆ ಅವನ ಪತ್ರ ಬಂತು. ಮುಂದಿನ ಏಪ್ರಿಲಿಗೆ ಅಲ್ಲಿ ಶಾಲೆ ಶುರುವಾಗುತ್ತದಂತೆ. ಈ ಬೇಸಿಗೆಯಲ್ಲಿ ಮೂರು ವಾರ ಕರೆದುಕೊಂಡು ಬನ್ನಿ, ಒಗ್ಗಿದರೆ ಇರಲಿ, ಒಗ್ಗದಿದ್ದರೆ ನಿಮ್ಮ ಜೊತೆಗೇ ಮರಳಲಿ, ತೀರ್ಮಾನ ನಿಮಗೆ ಬಿಟ್ಟದ್ದು ಎಂದು ಬರೆದಿದ್ದ. ಅವನು ಇಷ್ಟು ಒಳ್ಳೆಯ ಮನುಷ್ಯನಾಗಿರದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಜಗಳ ಆಡಬಹುದಿತ್ತು.

ನಾನು ಹೊರಟದ್ದು ಅವಳು ಒಗ್ಗಬಾರದು ಎಂಬ ಒಂದೇ ಹರಕೆ ಹೊತ್ತುಕೊಂಡು. ಯಾವ ದೇವರಿಗೂ ಹೇಳಿಕೊಳ್ಳುವಂಥ ಹರಕೆಯಲ್ಲ ಅದು.

ನಮ್ಮಲ್ಲಿ ಜುಲೈ ನಡುವಿಗೆ ಹುಟ್ಟುವ ಆಟಿ ತಿಂಗಳ ಹದಿನೆಂಟನೆಯ ದಿನ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಆಟಿ ಹುಟ್ಟಿದ ದಿನದಿಂದ ದಿನಕ್ಕೊಂದರಂತೆ ಆ ಸೊಪ್ಪಿಗೆ ಮದ್ದು ಸೇರುತ್ತ ಹೋಗಿ, ಹದಿನೆಂಟಕ್ಕೆ ಹದಿನೆಂಟು ಮದ್ದೂ ತುಂಬುತ್ತವೆ ಎಂದು ನಂಬಿಕೆ. ಕುದಿಸಿದರೆ ನೀರು ಕಡುನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಅಕ್ಕಿ, ಬೆಲ್ಲ, ತೆಂಗಿನ ಹಾಲು. ಅವತ್ತು ಅದನ್ನು ತಿನ್ನದವರು ಕೊಡಗಿನಲ್ಲಿ ಇರಲಿಕ್ಕಿಲ್ಲ. ನಾನು ಹೊರಡುವಾಗ ಆಟಿ ಹತ್ತು. ಅವ್ವ ಭಾಗಮಂಡಲದಿಂದ ಬಸ್ಸಿನಲ್ಲಿ ಬಂದವಳು ಸೊಪ್ಪು ಕುದಿಸಿ ಗಟ್ಟಿ ರಸ ಮಾಡಿ ಬಾಟಲಿಗೆ ತುಂಬಿ, ಬಾಯಿಗೆ ಮೇಣ ಹಾಕಿ, ಮಗುವಿನ ಎರಡು ಸ್ವೆಟರಿನಲ್ಲಿ ಸುತ್ತಿ ಪೆಟ್ಟಿಗೆಯೊಳಗೆ ಇಟ್ಟಳು.

“ಎಂಟ್ ಮದ್ದ್ ಕಮ್ಮಿ ಆತ್,” ಎಂದು ಕೊರಗಿದಳು. “ಇರ್ಲಿ, ಗೂಡೆಗೆ ಅಷ್ಟಾದರೂ ಸಿಕ್ಕಲಿ.”

ಹುಡುಗಿಗೆ ಅವಳು ಗೂಡೆ ಎಂದೇ ಅನ್ನುವುದು. ಅದನ್ನು ಹೇಳುವಾಗ ಅವಳು ಮಗುವಿನ ಮುಖ ನೋಡಲಿಲ್ಲ. ಅವ್ವನಿಗೆ ನನ್ನ ‘ತೋರಿಸಿಕೊಂಡು ಬರುತ್ತೇನೆ’ಯ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ.

ಒಸಾಕಾದ ಬೇಸಿಗೆ ಎಂದರೆ ಏನು ಎಂದು ನನಗೆ ಯಾರೂ ಹೇಳಿರಲಿಲ್ಲ. ಜುಲೈ ಕೊನೆಯಲ್ಲಿ ಮಡಿಕೇರಿಯಲ್ಲಿ ಹಗಲು ಹೊತ್ತೇ ಲೈಟು ಹಾಕಿಕೊಂಡು, ಒಣಗದ ಬಟ್ಟೆಗೆ ಇಸ್ತ್ರಿ ಒತ್ತಿ ಹಾಕಿಕೊಳ್ಳುವವರು ನಾವು. ಅಲ್ಲಿ ವಿಮಾನ ನಿಲ್ದಾಣದ ಬಾಗಿಲು ತೆರೆದದ್ದೇ ತಡ, ಬೇಯಿಸುವ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಮುಖಕ್ಕೆ ಹಬೆ ಬಡಿಯಿತು. ಗಂಡಸರು ಕುತ್ತಿಗೆಗೆ ಟವೆಲು ಸುತ್ತಿಕೊಂಡು ಆಫೀಸಿಗೆ ಹೋಗುತ್ತಿದ್ದರು. ಹೆಂಗಸರು ಮೊಣಕೈ ತನಕ ಗ್ಲೌಸು ಹಾಕಿಕೊಂಡು ಬಿಸಿಲಿಗೆ ಕೊಡೆ ಹಿಡಿದಿದ್ದರು. ಜೀರುಂಡೆಗಳ ಕೂಗು ಎಷ್ಟಿತ್ತೆಂದರೆ ರಸ್ತೆಯ ಮರದ ಕೆಳಗೆ ನಿಂತು ಮಾತಾಡಲು ಸಾಧ್ಯವಿಲ್ಲ. ಅಷ್ಟು ದೊಡ್ಡ ಪಟ್ಟಣದಲ್ಲಿ ಅಷ್ಟು ಜನ ಅಷ್ಟು ಮೌನವಾಗಿ ರೈಲು ಹತ್ತಿ ಇಳಿಯುತ್ತಿದ್ದರೆ, ಅವರೆಲ್ಲರ ಗಲಾಟೆಯನ್ನೂ ಈ ಹುಳುಗಳೇ ವಹಿಸಿಕೊಂಡಿದ್ದವು.

ಮಗುವಿಗೆ ಸೆಕೆಯಾಗುತ್ತದೆ, ಹಠ ಮಾಡುತ್ತಾಳೆ, ಊರಿಗೆ ಹೋಗೋಣ ಎನ್ನುತ್ತಾಳೆ ಎಂದು ಕಾದೆ. ಅವಳು ಎರಡನೆಯ ದಿನಕ್ಕೇ ಚಪ್ಪಲಿ ಬಿಚ್ಚಿ ಮೂತಿ ಹೊರಗೆ ಮಾಡಿ ಜೋಡಿಸಿಡುವುದನ್ನು ಕಲಿತಳು. ನನ್ನ ಮನೆಯಲ್ಲಿ ಒಂದು ಚಪ್ಪಲಿ ಮಂಚದ ಕೆಳಗೆ, ಇನ್ನೊಂದು ಅಂಗಳದಲ್ಲಿ. ಹತ್ತಿರ ಹೋದರೆ ತಾನಾಗಿ ಮುಚ್ಚಳ ಎತ್ತುವ ಕಕ್ಕಸನ್ನು ಕಂಡು ಅವಳಿಗೆ ಆದ ಸಂತೋಷ ಹೇಳತೀರದು. ದಿನಕ್ಕೆ ಹತ್ತು ಸಲ ಹೋಗಿ ಅದಕ್ಕೆ ನಮಸ್ಕಾರ ಮಾಡಿ ಬರುತ್ತಿದ್ದಳು. ಬಾರ್ಲಿ ಹುರಿದು ಕುದಿಸಿದ ಅವರ ತಣ್ಣನೆಯ ಚಹಾ ನನಗೆ ತಳ ಹಿಡಿದ ಗಂಜಿಯ ತಿಳಿಯಂತೆ ಕಂಡಿತು. ಅವಳು ಲೋಟಗಟ್ಟಲೆ ಕುಡಿದಳು. ರಸ್ತೆ ದಾಟುವ ಸಿಗ್ನಲ್ಲು ಹಕ್ಕಿಯ ಹಾಗೆ ಕೂಗಿದರೆ ಇವಳೂ ಕೂಗುತ್ತಿದ್ದಳು. ಸುಮ್ಮನೆ ಹೋಗುವ ಜನ ತಿರುಗಿ ನೋಡಿ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಇನ್ನು ಮಗುವಿನ ಅಪ್ಪನ ಎರಡನೆಯ ಹೆಂಡತಿ. ಸಣ್ಣಗಿನ ಆಳು, ಸಣ್ಣ ದನಿ. ಅಂಗಡಿಯ ಗಲ್ಲೆಯ ಹಿಂದೆ ನಿಂತಿರುವಾಗಲೂ ಮನೆಯಲ್ಲಿ ಅಡುಗೆ ಮಾಡುವಾಗಲೂ ಅದೇ ನೀಲಿ ಏಪ್ರನ್. ನಾನು ಬರುವ ಮೊದಲೇ ಒಂದು ನೋಟ್‌ಬುಕ್ಕಿನಲ್ಲಿ ನಮ್ಮ ಮಾತುಗಳನ್ನು ತನ್ನ ಲಿಪಿಯಲ್ಲಿ ಬರೆದಿಟ್ಟುಕೊಂಡಿದ್ದಳು. ಬಾ. ಉಣ್ಣ್. ಸಾಕಾ. ನಿದ್ದೆ ಬಂತಾ. ಇವನ್ನೆಲ್ಲ ನನ್ನ ತಂಗಿ ತನ್ನ ಗಂಡನಿಗೆ ಕಲಿಸಿದ್ದು, ಅವನು ಇವಳಿಗೆ ಕಲಿಸಿದ್ದು. ಸತ್ತುಹೋದ ನನ್ನ ತಂಗಿಯ ಮಾತು ಹೀಗೆ ಕೈಯಿಂದ ಕೈಗೆ ದಾಟಿ ಆ ಹೆಂಗಸಿನ ಬಾಯಿಂದ ಬಂದಾಗ ನಾನು ಮೆಚ್ಚಬೇಕಿತ್ತು. ನಾನು ಅವಳ ಉಚ್ಚಾರ ತಿದ್ದಿದೆ. ಒಂದೇ ಮಾತನ್ನು ನಾಲ್ಕು ಸಲ ಹೇಳಿಸಿದೆ. ಮೇಷ್ಟ್ರ ಬುದ್ಧಿ ಎಂದು ಬೇಕಾದರೆ ಅನ್ನಿ, ಹೊಟ್ಟೆಕಿಚ್ಚು ಎಂದು ನನಗೆ ಗೊತ್ತು.

ಅವರ ಮನೆಯ ಕಪಾಟಿನ ಮೇಲೆ ತಂಗಿಯ ಫೋಟೋ ಇತ್ತು. ಬೆಳಿಗ್ಗೆ ಮೊದಲು ಸೋಸಿದ ಕಾಫಿಯನ್ನು ಇವಳು ಪುಟ್ಟ ಕಪ್ಪಿನಲ್ಲಿ ಅದರ ಮುಂದೆ ಇಟ್ಟು ಕೈಮುಗಿಯುತ್ತಿದ್ದಳು. ತನ್ನ ಗಂಡನ ಮೊದಲ ಹೆಂಡತಿಗೆ! ಮಗು ಪಕ್ಕದಲ್ಲಿ ನಿಂತು ತಾನೂ ಕೈಮುಗಿಯುತ್ತಿತ್ತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ ನಾನು ನಿಂತಿರುತ್ತಿದ್ದೆ, ನುಂಗುವ ಹಾಗಿಲ್ಲ ಉಗುಳುವ ಹಾಗಿಲ್ಲ. ಒಂದು ಸಂಜೆ ರಸ್ತೆ ದಾಟುವಾಗ ಮಗು ನನ್ನ ಕೈ ಬಿಟ್ಟು ಅವಳ ಕೈ ಹಿಡಿಯಿತು. ಬೇಕೆಂದು ಅಲ್ಲ, ಅವಳು ಆ ಕಡೆ ಇದ್ದಳು ಅಷ್ಟೆ. ಆ ರಾತ್ರಿ ನಾನು ಊಟ ಸೇರುವುದಿಲ್ಲ ಎಂದು ಬೇಗ ಮಲಗಿದೆ.

ಆಟಿ ಹದಿನೆಂಟಕ್ಕೆ ಮಗುವಿನ ಅಪ್ಪ ಊರಲ್ಲಿರಲಿಲ್ಲ. ಬೀಜದ ವ್ಯಾಪಾರಕ್ಕೆಂದು ಎರಡು ದಿನ ಬೇರೆ ಊರಿಗೆ ಹೋಗಿದ್ದ. ಸಂಜೆ ನಾನು ಅವನ ಹೆಂಡತಿಯ ಪುಟ್ಟ ಅಡುಗೆಮನೆಯಲ್ಲಿ ಪಾಯಸಕ್ಕೆ ಇಟ್ಟೆ. ಅವರ ಅಕ್ಕಿ ಅಂಟು, ಬೆಲ್ಲ ನಮ್ಮದಲ್ಲ, ತೆಂಗಿನ ಹಾಲು ಡಬ್ಬಿಯದು, ಆದರೆ ಬಾಟಲಿಯ ಮೇಣ ಕಿತ್ತು ರಸ ಸುರಿದಾಗ ಆ ವಾಸನೆ ಬಂತು ನೋಡಿ, ಪಾತ್ರೆಯ ಮೇಲೆ ಬಗ್ಗಿ ಎದೆ ತುಂಬ ಎಳೆದುಕೊಂಡೆ. ಮಗು ಓಡಿ ಬಂದು ಪಾತ್ರೆಗೆ ಮೂಗು ಹಿಡಿಯಿತು. ಮೂರು ಬಟ್ಟಲು ತಿಂದಿತು. ತುಟಿ, ಹಲ್ಲು, ಗಲ್ಲ ಎಲ್ಲ ನೇರಳೆ. ನಾನು ಎರಡು ಬಟ್ಟಲು ತಿಂದೆ. ಮನೆಯೊಡತಿಗೆ ಒಂದೇ ಚಮಚ ಬಡಿಸಿದೆ. ಅವಳು ಅದನ್ನೂ ಎರಡು ಕೈಯಲ್ಲಿ ತೆಗೆದುಕೊಂಡು ತಲೆ ಬಾಗಿಸಿ ತಿಂದು, ಫೋನನ್ನು ನನ್ನ ಮುಂದೆ ಹಿಡಿದು ಏನಿದು ಎಂದು ಕೇಳಿದಳು. ಅವಳು ತನ್ನ ಭಾಷೆಯಲ್ಲಿ ಹೇಳಿದ್ದನ್ನು ಆ ಫೋನು ಆಕಾಶವಾಣಿಯ ವಾರ್ತೆಯ ಕನ್ನಡದಲ್ಲಿ ಹೇಳುತ್ತಿತ್ತು.

“ಮದ್ದು,” ಎಂದೆ. “ವರ್ಷಕ್ಕೊಮ್ಮೆ.”

ಒಂದು ಮಾತು ಹೇಳುವುದನ್ನು ಮರೆತೆ. ಈ ಪಾಯಸ ತಿಂದ ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ. ರಕ್ತದಷ್ಟೇ ಕೆಂಪು. ಏನೂ ಅಪಾಯವಿಲ್ಲ, ಸೊಪ್ಪಿನ ಬಣ್ಣ ಅಷ್ಟೆ. ಕೊಡಗಿನಲ್ಲಿ ಇದನ್ನು ಯಾರೂ ಯಾರಿಗೂ ಹೇಳುವುದಿಲ್ಲ, ಏಕೆಂದರೆ ಗೊತ್ತಿಲ್ಲದವರೇ ಇಲ್ಲ. ನನ್ನ ಕ್ಲಾಸಿನಲ್ಲಿ ಆಟಿ ಹತ್ತೊಂಬತ್ತರ ಬೆಳಿಗ್ಗೆ ಹುಡುಗರೆಲ್ಲ ಸಾಲಾಗಿ ಹೊರಗೆ ಹೋಗಿ ಯಾರದು ಹೆಚ್ಚು ಕೆಂಪು ಎಂದು ಪಂದ್ಯ ಕಟ್ಟಿ, ನನ್ನ ಹತ್ತಿರ ಬೈಸಿಕೊಳ್ಳುತ್ತಾರೆ. ಆ ರಾತ್ರಿ ನಾನು ಹೇಳದೇ ಇದ್ದದ್ದು ನಿಜವಾಗಿಯೂ ಮರೆವು. ಅದೊಂದನ್ನು ಮಾತ್ರ ನಾನು ಆಣೆ ಮಾಡಿ ಹೇಳಬಲ್ಲೆ.

ಬೆಳಿಗ್ಗೆ ನಾನು ಮೊದಲು ಎದ್ದೆ. ನನ್ನದು ಕೆಂಪಾಗಿಯೇ ಇತ್ತು. ಹದಿನೆಂಟರಲ್ಲಿ ಹತ್ತು ಮದ್ದಾದರೂ ಹತ್ತಿದೆಯಲ್ಲ ಎಂದು ಸಮಾಧಾನಪಟ್ಟುಕೊಂಡೆ. ಅರ್ಧ ಗಂಟೆಯ ಮೇಲೆ ಮಗು ಎದ್ದಿತು. ಅವಳನ್ನು ಕಕ್ಕಸಿಗೆ ಕರೆದುಕೊಂಡು ಹೋದವಳು ಆ ಹೆಂಗಸು. ನಾನು ಅಡುಗೆಮನೆಯ ಮೇಜಿನ ಹತ್ತಿರ ಕೂತಿದ್ದೆ. ಒಂದು ಸಣ್ಣ ಕೂಗು ಕೇಳಿಸಿತು. ಎದ್ದು ಹೋಗಿ ನೋಡಿದರೆ ಅವಳು ಗೋಡೆಗೆ ಒರಗಿ ನಿಂತಿದ್ದಾಳೆ, ಮುಖದಲ್ಲಿ ರಕ್ತವಿಲ್ಲ. ಬಿಳೀ ಬಟ್ಟಲಿನೊಳಗೆ ಕೆಂಪು. ಮಗು ಮಾತ್ರ ಚಡ್ಡಿ ಏರಿಸಿಕೊಳ್ಳುತ್ತ ಕುಣಿಯುತ್ತಿತ್ತು.

“ದೊಡ್ಡವ್ವ, ನೋಡ್! ನಂದ್ ಈ ಸಲ ಭಾರೀ ಕೆಂಪಾಗುಟು!”

ಆ ಹೆಂಗಸು ಮೊಣಕಾಲೂರಿ ಮಗುವಿನ ಹೊಟ್ಟೆ ಮುಟ್ಟಿ, ಹಣೆ ಮುಟ್ಟಿ, ತನ್ನ ಭಾಷೆಯಲ್ಲಿ ಏನೇನೋ ಕೇಳುತ್ತಿದ್ದಳು. ನೋವಾ ಎಂದು ಕೇಳುತ್ತಿದ್ದಿರಬೇಕು. ಮಗು ನಗು ನಿಲ್ಲಿಸಿ ನನ್ನತ್ತ ತಿರುಗಿತು.

“ಇವ್ಕೆ ಹೇಳ್ ದೊಡ್ಡವ್ವ. ಮದ್ದ್ ತಿಂದರೆ ಹಿಂಗೆ ಆದೆ ತ ಹೇಳ್.”

ಹೀಗೆ ಆಗುತ್ತದೆ ಎಂದು ಇವರಿಗೆ ಹೇಳು. ಇಷ್ಟೇ ಅವಳು ಕೇಳಿದ್ದು. ಆರು ವರ್ಷದ ಮಗುವಿಗೆ ಗೊತ್ತಿತ್ತು ಆ ಹೊತ್ತಿನಲ್ಲಿ ಏನು ಮಾಡಬೇಕೆಂದು.

ನಾನು ಅವಳ ಮುಖ ನೋಡಲಿಲ್ಲ, ಆ ಹೆಂಗಸಿನ ಮುಖ ನೋಡಿದೆ. ಎಂಟು ದಿನದಲ್ಲಿ ಮೊದಲ ಸಲ ಆ ಮುಖದಲ್ಲಿ ಏನು ಮಾಡಬೇಕೆಂದು ತೋಚದ ದಿಗಿಲು ಕಾಣಿಸಿತ್ತು. ನನಗೆ ಒಳಗೆ ಹಿತವಾಯಿತು. ಹೌದು, ಹಿತವಾಯಿತು, ಬೇರೆ ಶಬ್ದ ಹುಡುಕುವುದಿಲ್ಲ. ನೋಟ್‌ಬುಕ್ಕಿನಲ್ಲಿ ನಾಲ್ಕು ಮಾತು ಬರೆದುಕೊಂಡ ಮಾತ್ರಕ್ಕೆ ನಮ್ಮ ಮಗುವನ್ನು ಸಾಕಬಹುದು ಅಂದುಕೊಂಡಿದ್ದೆಯಲ್ಲ, ಸ್ವಲ್ಪ ಹೆದರು ಎಂದುಕೊಂಡೆ. ಐದು ನಿಮಿಷ. ಐದೇ ನಿಮಿಷ ಬಿಟ್ಟು ಹೇಳೋಣ.

“ನೀ ಸುಮ್ಮನಿರ್,” ಎಂದು ಮಗುವಿಗೆ ಹೇಳಿದೆ. ಶಾಲೆಯ ದನಿಯಲ್ಲಿ.

ಅವಳು ಐದು ನಿಮಿಷ ಕಾಯಲಿಲ್ಲ. ಮಗುವನ್ನು ಎತ್ತಿಕೊಂಡಳು, ಬಾಗಿಲು ತೆರೆದಳು, ಓಡಿದಳು. ಆರು ವರ್ಷದ ಮಗು, ಅವಳ ಅರ್ಧದಷ್ಟು ಉದ್ದ. ಕೊಡೆ ಇಲ್ಲ, ಗ್ಲೌಸಿಲ್ಲ, ಒಂದು ಕಾಲಲ್ಲಿ ಅವಳದೇ ಚಪ್ಪಲಿ, ಇನ್ನೊಂದರಲ್ಲಿ ಗಂಡನದು. ನಾನು ಹಿಂದಿನಿಂದ ಓಡಿದೆ. ಬೆಳಗಿನ ಎಂಟು ಗಂಟೆಗೇ ಡಾಂಬರು ಕಾದಿತ್ತು. ಅವಳು ಎರಡು ರಸ್ತೆ ದಾಟಿ ಮಕ್ಕಳ ಕ್ಲಿನಿಕ್ಕು ಮುಟ್ಟುವವರೆಗೆ ಒಮ್ಮೆಯೂ ಮಗುವನ್ನು ಕೆಳಗೆ ಇಳಿಸಲಿಲ್ಲ. ಅವಳ ಭುಜದ ಮೇಲಿನಿಂದ ಮಗು ನನ್ನನ್ನೇ ನೋಡುತ್ತಿತ್ತು. ಆ ಹೊತ್ತಿಗೆ ಅದು ಕುಣಿಯುವುದನ್ನು ಬಿಟ್ಟು ತುಟಿ ಒತ್ತಿ ಹಿಡಿದಿತ್ತು. ದೊಡ್ಡವ್ವ ಸುಮ್ಮನಿರು ಅಂದಿದ್ದಾಳೆ ಎಂದು ಸುಮ್ಮನಿತ್ತು.

ಡಾಕ್ಟರು ವಯಸ್ಸಾದವರು. ಕೇಳಿದರು, ಒತ್ತಿ ನೋಡಿದರು, ಮತ್ತೆ ಕೇಳಿದರು. ಆ ಹೆಂಗಸು ಫೋನನ್ನು ನನ್ನ ಮುಂದೆ ಹಿಡಿದಳು. ‘ನಿನ್ನೆ ರಾತ್ರಿಯ ಸಿಹಿ ತಿನಿಸಿನಿಂದ ಹೀಗೆ ಆಗಿರಬಹುದೇ? ದಯವಿಟ್ಟು ತಪ್ಪು ತಿಳಿಯಬೇಡಿ,’ ಎಂದು ಆ ವಾರ್ತೆಯ ದನಿ ಕೇಳಿತು.

ಇಲ್ಲಿಯಾದರೂ ಹೇಳಬಹುದಿತ್ತು. ಆದರೆ ಹೇಳಿದರೆ, ಮನೆಯಲ್ಲೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದಲ್ಲ. ಸುಮ್ಮನಿದ್ದ ಪ್ರತಿ ನಿಮಿಷಕ್ಕೂ ಬಾಯಿ ಬಿಡುವುದು ಇನ್ನಷ್ಟು ಕಷ್ಟವಾಗುತ್ತಿತ್ತು. ‘ಮಾತು ಬೆಳ್ಳಿ, ಮೌನ ಬಂಗಾರ’ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ಕಾಪಿ ಬರೆಸಿದ ಕೈ ನನ್ನದು.

“ಅದು ಮದ್ದು,” ಎಂದೆ ಫೋನಿಗೆ. “ಒಳ್ಳೆಯದು.”

ಹೇಳಿದ್ದು ಸುಳ್ಳಲ್ಲ. ಆದರೆ ಆ ಮಾತು ಕೇಳಿದ ಡಾಕ್ಟರು, ಗೊತ್ತಿಲ್ಲದ ಗಿಡದ ಔಷಧಿ ಎಂದು ಇನ್ನೂ ಗಂಭೀರರಾದರು. ರಕ್ತ ತೆಗೆಯಬೇಕು ಎಂದರು. ನರ್ಸು ಬಂದಳು. ಮಗುವಿನ ಸಪೂರ ಕೈಯಲ್ಲಿ ನರ ಸಿಗಲಿಲ್ಲ. ಎರಡು ಸಲ ಚುಚ್ಚಿದರು. ಮೊದಲನೆಯದಕ್ಕೆ ಮಗು ತಡೆದುಕೊಂಡಿತು. ಎರಡನೆಯದಕ್ಕೆ ದೊಡ್ಡವ್ವ ಎಂದು ಕಿರುಚಿತು. ನಾನು ಮುಂದೆ ಹೋಗುವಷ್ಟರಲ್ಲಿ ಆ ಹೆಂಗಸು ಅದರ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡು, ನೋಟ್‌ಬುಕ್ಕಿನ ಮಾತುಗಳನ್ನೆಲ್ಲ ಒಂದಾದ ಮೇಲೊಂದು ಹೇಳುತ್ತಿದ್ದಳು. ಬಾ. ಉಣ್ಣ್. ಸಾಕಾ. ನಿದ್ದೆ ಬಂತಾ. ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಅಳುವ ಮಗುವನ್ನು ಸಮಾಧಾನ ಮಾಡುವ ಮಾತು ಯಾವುದೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ನಾನೂ ಕಲಿಸಿರಲಿಲ್ಲ.

ಆಗ ಮಗುವಿನ ಅಪ್ಪನ ಫೋನು ಬಂತು. ಅವಳು ದಾರಿಯಲ್ಲೇ ಅವನಿಗೆ ಸುದ್ದಿ ಕಳಿಸಿದ್ದಳಂತೆ, ಅವನು ಮೀಟಿಂಗಿನಿಂದ ಹೊರಗೆ ಬಂದು ಈಗ ನೋಡಿದ್ದ. ಅವಳು ಅಳುತ್ತ ಹೇಳಿದಳು. ಆ ಕಡೆಯಿಂದ ನಗು ಕೇಳಿಸಿತು, ಜೋರಾದ ನಗು.

“ಮದ್ದು! ಮದ್ದು!” ಎಂದು ಅವನು ಕೂಗಿದ್ದು ನನಗೂ ಕೇಳಿಸಿತು. ಆಮೇಲೆ ತುಂಬ ಹೊತ್ತು ಅವರ ಭಾಷೆಯಲ್ಲಿ ವಿವರಿಸಿದ. ಮದುವೆಯಾದ ಮೊದಲ ವರ್ಷ ತಂಗಿ ಅವನಿಗೂ ಹೇಳದೆ ತಿನ್ನಿಸಿ, ಬೆಳಿಗ್ಗೆ ಅವನು ಆಸ್ಪತ್ರೆಗೆ ಹೊರಟಾಗ ಬಾಗಿಲಿಗೆ ಅಡ್ಡ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳಂತೆ. ಅವರ ಊರಿನಲ್ಲಿ ಮಕ್ಕಳಿಗೂ ಇದು ಗೊತ್ತು ಎಂದು ಹೇಳಿದನಂತೆ. ಇದೆಲ್ಲ ನನಗೆ ಆಮೇಲೆ ತಿಳಿಯಿತು. ಆ ಕ್ಷಣಕ್ಕೆ ತಿಳಿದದ್ದು ಫೋನು ಇಟ್ಟ ಮೇಲೆ ಅವಳು ನನ್ನನ್ನು ನೋಡಿದ ರೀತಿಯಿಂದ. ಬಹಳ ಹೊತ್ತಲ್ಲ. ಬೆವರಿನಿಂದ ಕೂದಲು ಹಣೆಗೆ ಅಂಟಿತ್ತು, ಕಾಲಲ್ಲಿ ಇನ್ನೂ ಆ ಎರಡು ಬೇರೆ ಬೇರೆ ಚಪ್ಪಲಿ. ಅವಳಿಗೆ ಅರ್ಥವಾಗಿತ್ತು. ನನಗೆ ಮೊದಲಿನಿಂದಲೂ ಗೊತ್ತಿತ್ತು ಎಂದು, ಗೊತ್ತಿದ್ದೂ ಮಗುವಿಗೆ ಸೂಜಿ ಚುಚ್ಚಿಸಿದೆ ಎಂದು ಅವಳಿಗೆ ಪೂರ್ತಿ ಅರ್ಥವಾಗಿತ್ತು.

ಬೈಯುತ್ತಾಳೆ ಎಂದು ಕಾದೆ. ಬೈಯಲಿ ಎಂದು ಬೇಡಿಕೊಂಡೆ. ಅವಳು ಸೊಂಟದಿಂದ ಬಾಗಿ ನನಗೆ ನಮಸ್ಕರಿಸಿದಳು. ಫೋನು ಹೇಳಿತು: ‘ನಾನು ಅಜ್ಞಾನಿ. ಮೊದಲೇ ಕೇಳಿ ತಿಳಿದುಕೊಳ್ಳಬೇಕಿತ್ತು. ನಿಮ್ಮ ಹಬ್ಬವನ್ನು ಹಾಳು ಮಾಡಿದೆ. ಕ್ಷಮಿಸಿ.’

ನನ್ನ ಜೀವನದಲ್ಲಿ ಕೆನ್ನೆಗೆ ಏಟು ತಿಂದದ್ದಿದೆ. ಇದು ಅದಕ್ಕಿಂತ ನೋವು ಕೊಟ್ಟಿತು.

ಅವನು ಆ ಸಂಜೆಯೇ ಕೆಲಸ ಬಿಟ್ಟು ಬಂದ. ಮಗು ಕೈಗೆ ಅಂಟಿಸಿದ ಹತ್ತಿಯನ್ನು ಅವನಿಗೆ ತೋರಿಸಿ, ಮತ್ತೆ ಚಾಪೆಯ ಮೇಲೆ ಹೋಗಿ ಮಲಗಿತು. ನಾನು ಮೇಜಿನ ಎದುರು ಕೂತು ನನ್ನ ಹರಕು ಇಂಗ್ಲಿಷಿನಲ್ಲಿ, ಅರ್ಧ ಕನ್ನಡದಲ್ಲಿ, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಮರೆತದ್ದು ಯಾವಾಗ, ಮರೆಯದೆಯೂ ಸುಮ್ಮನಿದ್ದದ್ದು ಯಾವಾಗ ಎಂದು ಬೇರೆ ಬೇರೆ ಮಾಡಿ ಹೇಳಿದೆ. ಅವನು ಕಾಫಿ ಸೋಸುತ್ತಿದ್ದವನು ನಿಲ್ಲಿಸಲಿಲ್ಲ.

“ಗೊತ್ತು,” ಎಂದ ಕೊನೆಗೆ, ತಂಗಿ ಕಲಿಸಿದ ಕನ್ನಡದಲ್ಲಿ. “ಅವಳಿಗೂ ಗೊತ್ತು. ಅವಳು ನಿಮ್ಮ ಮೇಲೆ ಕೋಪ ಇಲ್ಲ.”

“ಕೋಪ ಮಾಡಿಕೊಳ್ಳಲಿ ಅಂತ ಹೇಳು,” ಎಂದೆ. ಅವನು ಹೇಳಲಿಲ್ಲ.

ಅವನು ಆ ದಿನ ತೀರ್ಮಾನದ ಮಾತು ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಎತ್ತಿದವಳು ನಾನು. ಮಗು ಇಲ್ಲೇ ಇರಲಿ ಎಂದೆ. ಹೆದರಿ ಓಡಿದವಳು ಅವಳು, ಗೊತ್ತಿದ್ದೂ ಸುಮ್ಮನೆ ಹಿಂಬಾಲಿಸಿದವಳು ನಾನು. ಮಗು ಯಾರ ಹತ್ತಿರ ಇರಬೇಕು ಎಂಬುದಕ್ಕೆ ಮೂರು ವಾರದ ಪರೀಕ್ಷೆ ಪೂರ್ತಿಯಾಗುವುದು ಯಾತಕ್ಕೆ? ಅವನು ಹತ್ತಿರ ಬಂದು ನನ್ನ ಭುಜದ ಮೇಲೆ ಕೈ ಇಟ್ಟ. ನಾನು ಗಟ್ಟಿಯಾಗಿ ಅತ್ತೆ. ಆ ತೆಳು ಗೋಡೆಗಳ ಮನೆಯಲ್ಲಿ ಅಕ್ಕಪಕ್ಕದವರಿಗೆಲ್ಲ ಕೇಳಿಸಿರಬೇಕು. ಕೇಳಿಸಿದರೆ ಕೇಳಿಸಲಿ, ಅಳುವುದಕ್ಕೂ ಅವರ ಊರಿನ ಮೌನ ಪಾಲಿಸುವಷ್ಟು ದೊಡ್ಡವಳಲ್ಲ ನಾನು.

ಇದಾಗಿ ಎರಡು ವರ್ಷ. ಅವಳು ಶಾಲೆಗೆ ಹೋಗುತ್ತಾಳೆ, ಕೆಂಪು ಬ್ಯಾಗು ಹೊತ್ತುಕೊಂಡು. ಈಜು ಬರುತ್ತದೆ. ಭಾನುವಾರ ಫೋನಿನಲ್ಲಿ ಮಾತಾಡುತ್ತಾಳೆ, ಮೊದಲು ತಲೆ ಬಾಗಿಸಿ ಆಮೇಲೆ ಮಾತು. ನಮ್ಮ ಮಾತು ಅವಳ ಬಾಯಲ್ಲಿ ಸ್ವಲ್ಪ ಸ್ವಲ್ಪವೇ ಕಮ್ಮಿಯಾಗುತ್ತಿದೆ, ಆದರೆ ಪಕ್ಕದಲ್ಲಿ ಕೂತ ಆ ಹೆಂಗಸಿನ ಬಾಯಲ್ಲಿ ಹೆಚ್ಚಾಗುತ್ತಿದೆ. ಮಗುವಿಗೆ ತೋಚದ ಶಬ್ದವನ್ನು ಅವಳೇ ನೋಟ್‌ಬುಕ್ಕು ನೋಡಿ ಹೇಳಿಕೊಡುತ್ತಾಳೆ. ಅವಳ ಉಚ್ಚಾರವನ್ನು ನಾನು ಈಗ ತಿದ್ದುವುದಿಲ್ಲ. ಮಗು ಚೆನ್ನಾಗಿದ್ದಾಳೆ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಅದು ನಿಜ, ಒಂದೇ ಸಲ ಹೇಳಿದರೆ ಸಾಕಾಗುವ ನಿಜ.

ಆದರೆ ಒಸಾಕಾದಿಂದ ಹೊರಡುವ ಹಿಂದಿನ ದಿನ ನಾನು ಅವಳನ್ನು ಮನೆಯ ಹತ್ತಿರದ ಸಣ್ಣ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ನಿದ್ದೆಯಲ್ಲಿ ಬಿಟ್ಟು ಹೋಗುವುದು, ಅಂಗಡಿಗೆ ಹೋಗಿ ಬರುತ್ತೇನೆ ಎಂದು ಜಾರಿಕೊಳ್ಳುವುದು ಬೇಡ, ಇನ್ನು ಅವಳ ಎದುರು ಬಾಯಿ ಮುಚ್ಚಿಕೊಂಡು ಇರುವುದಿಲ್ಲ ಎಂದು ನಿರ್ಧಾರ ಮಾಡಿದ್ದೆ. ಮಧ್ಯಾಹ್ನ ಇಳಿದಿತ್ತು. ಜಾರುಬಂಡೆ ಮುಟ್ಟಲಾಗದಷ್ಟು ಕಾದಿತ್ತು. ಮರದ ಕೆಳಗೆ ಜೀರುಂಡೆಗಳು ಕಳಚಿಟ್ಟ ಚಿಪ್ಪುಗಳು ಬಿದ್ದಿದ್ದವು. ಅವಳು ಒಂದೊಂದೇ ಆರಿಸಿ ತಂದು ನನ್ನ ಸೀರೆಯ ನೆರಿಗೆಗೆ ಸಿಕ್ಕಿಸುತ್ತಿದ್ದಳು.

“ನಾ ನಾಳೆ ಊರಿಗೆ ಹೋನೆ,” ಎಂದೆ. “ನೀ ಇಲ್ಲಿ ಅಪ್ಪನೊಟ್ಟಿಗೆ ಇರ್.”

ಅವಳ ಕೈ ನಿಂತಿತು. ನಾನು ಒಬ್ಬಳೇ ಹೋಗುತ್ತಿದ್ದೇನೆ ಎನ್ನುವುದು ಒಳಗಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಸಿಕ್ಕಿಸಿದ ಚಿಪ್ಪುಗಳನ್ನು ಒಂದೊಂದಾಗಿ, ಮುರಿಯದ ಹಾಗೆ, ನನ್ನ ಸೀರೆಯಿಂದ ಬಿಡಿಸತೊಡಗಿದಳು. ಎಲ್ಲ ಬಿಡಿಸಿ ಆದ ಮೇಲೆ ಕೇಳಿದಳು.

“ನಾ ಕೆಂಪು ಉಚ್ಚೆ ಹೊಯ್ದದಕ್ಕಾ?”

ನಾನು ಅವಳತ್ತ ಕೈ ಚಾಚಿದೆ.

“ಇನ್ನ್ ನಾ ಪಾಯಸ ಕೇಳ್ದುಲೆ,” ಎಂದಳು. “ಸೂಜಿ ಹಾಕಿದರೂ ಅಳ್ದುಲೆ. ಕರ್ಕಂಡ್ ಹೋಗ್.” ಇನ್ನು ಪಾಯಸ ಕೇಳುವುದಿಲ್ಲವಂತೆ, ಸೂಜಿಗೂ ಅಳುವುದಿಲ್ಲವಂತೆ.

ನಾನು ಅವಳನ್ನು ಎಳೆದು ಕೂರಿಸಿಕೊಂಡು ಎಲ್ಲ ಹೇಳಿದೆ. ನಿನ್ನ ತಪ್ಪು ಏನೂ ಇಲ್ಲ, ಕೆಂಪಾದದ್ದು ಮದ್ದಿನಿಂದ, ನೀನು ಹೇಳಿದ್ದೇ ಸರಿ, ನೀನು ಹೇಳು ಎಂದಾಗ ನಾನು ಹೇಳಬೇಕಿತ್ತು, ಹೇಳದೇ ಇದ್ದದ್ದು ನನ್ನ ತಪ್ಪು, ನನ್ನೊಬ್ಬಳದೇ ತಪ್ಪು. ಮೂರು ಸಲ ಹೇಳಿದೆ. ಅವಳು ಅಳದೆ ಕೇಳಿಸಿಕೊಂಡಳು. ಮಾತು ಬಂದಂದಿನಿಂದ ಆ ಮಗು ನನ್ನನ್ನು ‘ಎಂತಕೆ’ ಎಂದು ಕೇಳದ ದಿನವಿಲ್ಲ. ಮಳೆ ಎಂತಕೆ, ಇರುವೆ ಎಂತಕೆ, ಅವ್ವ ಫೋಟೋದೊಳಗೆ ಎಂತಕೆ. ನೀನು ಎಂತಕೆ ಹೇಳಲಿಲ್ಲ ಎಂದು ಈಗ ಕೇಳುತ್ತಾಳೆ ಎಂದು ನಾನು ಕಾದೆ. ಕೇಳಿದ್ದರೆ ಉತ್ತರ ಸಿದ್ಧವಿತ್ತು, ಎಷ್ಟೇ ಕೆಟ್ಟದ್ದಾದರೂ ಕೊಡುತ್ತಿದ್ದೆ.

ಅವಳು ಕೇಳಲಿಲ್ಲ. “ಆತ್,” ಎಂದಳು, ಹೇಳಿದ ಮಾತು ಕೇಳುವ ಒಳ್ಳೆಯ ಮಕ್ಕಳು ಹೇಳುವ ಹಾಗೆ.